ಸುಲಭದ ದಾರಿ

ಸುಲಭ ಅಂದಿದ್ದಳು ವೈಜಯಂತಿ,
ಸೀರೆಯುಟ್ಟವರೂ ಹತ್ತುತ್ತಾರೆ, ಬಾ.
ವೇತಾಳ ಟೇಕಡಿ, ಬೆಳಗಿನ ಆರು.
ಮಗನ ಹಳೇ ಬೂಟಿಗೆ
ಎರಡೆರಡು ಕಾಲುಚೀಲ ತುಂಬಿ
ನಾನೂ ಹೊರಟೆ.

ದೂರದ ಬೆಟ್ಟ ನುಣ್ಣಗೆ ಅನ್ನುವವರು
ಕೋಥ್ರೂಡಿನ ನನ್ನ ಅಡುಗೆಮನೆ ಕಿಟಕಿಯಿಂದ ನೋಡಿಲ್ಲ.
ಇದು ದೂರದಿಂದಲೂ ಒರಟು.

ಮೊದಲ ಏರಿಗೇ ಉಸಿರು ಕೈಕೊಟ್ಟಿತು.
ಕೂತೆ. ಕೂತ ಕಲ್ಲು ತೂತು ತೂತು,
ಆಗತಾನೆ ಮುಳ್ಳು ಹೊಡೆಸಿದ ಒರಳಿನ ಹಾಗೆ.
‘ಬೆಂಕಿ ಕುದ್ದು ಹರಿದಾಗ
ಒಳಗೆ ಸಿಕ್ಕಿಬಿದ್ದ ಗಾಳಿ, ಅದರ ಗುಳ್ಳೆ’ ಅಂದಳು
ಮೂವತ್ತು ವರ್ಷ ಭೂಗೋಳ ಕಲಿಸಿದವಳು.
ಅಂದರೆ ಇದೂ
ಅರ್ಧ ಉಸಿರಿಗೇ ಕೂತದ್ದು.
ಆರೂವರೆ ಕೋಟಿ ವರ್ಷವಾಯಿತು, ಎದ್ದಿಲ್ಲ.

ನಾನು ಎದ್ದೆ.

ಒಂದು ನೆತ್ತಿ, ಅದರಾಚೆ ಇನ್ನೊಂದು,
ನಡುವೆ ಕಲ್ಲು ಕಡಿದ ಗುಂಡಿಯ ಹಸಿರು ನೀರು.
ನಮ್ಮನ್ನು ದಾಟಿ ಹೋದರು
ಓಡುವ ಹುಡುಗರು, ಎಂಬತ್ತರ ಅಜ್ಜ,
ಮೂರೇ ಕಾಲಲ್ಲಿ ಕುಂಟುವ ಒಂದು ನಾಯಿ.
ನಾಯಿ ಮಾತ್ರ ತಿರುಗಿ ನೋಡಿತು.

ತುದಿಯಲ್ಲಿ ಅವಳು ಡಬ್ಬಿ ಬಿಚ್ಚಿದಳು,
ಬೆಳ್ಳುಳ್ಳಿ ಚಟ್ನಿ ಸವರಿದ ಭಾಕರಿ.
ಬಾಯಿ ಉರಿಯುತ್ತಲೇ ಕೆಳಗೆ ಹುಡುಕಿದೆ
ನನ್ನ ಕಿಟಕಿ ಯಾವುದೆಂದು.
ನೀರಿನ ಟ್ಯಾಂಕು, ಬಾಡಿಗೆ, ನೆರೆಮನೆಯ ಜಗಳ
ಒಂದೂ ಕಾಣಲಿಲ್ಲ.

ಎಷ್ಟು ನುಣ್ಣಗಿತ್ತು ಊರು!