ಅಂಗಿ

ಬೆಂಕಿಯ ಒಳಗೆ ಹೇಗಿರುತ್ತದೆ? ಕೇಳುತ್ತಾರೆ ಜನ.
ಕಪ್ಪಗಿರುತ್ತದೆ, ಅನ್ನುತ್ತೇನೆ.
ಕೆಂಪು ಹಳದಿ ಎಲ್ಲ ಹೊರಗೆ ನಿಂತವರ ಪಾಲು.
ಒಳಗೆ ಹೊಗೆ, ಮುಖವಾಡದಲ್ಲಿ ನಮ್ಮದೇ ಉಸಿರಿನ ಸಪ್ಪಳ,
ಮುಂದೆ ತೆವಳುವವನ ಬೂಟು ಕೈಗೆ ಸಿಕ್ಕರೆ
ಅದೇ ದೀಪ.

ಅದೂ ವರ್ಷಕ್ಕೆ ಹತ್ತೋ ಹನ್ನೆರಡೋ ಸಲ.
ಉಳಿದಂತೆ ಬ್ಯೂಟ್ ಊರಿನ ಇಳಿಜಾರು ಬೀದಿಗಳಲ್ಲಿ
ಹಿಮದ ಮೇಲೆ ಜಾರಿ ಮುರಿದ ಸೊಂಟ,
ಸಕ್ಕರೆ ಇಳಿದು ಬಸ್ಸಿನಲ್ಲೇ ಕುಸಿದ ಹುಡುಗಿ,
ಸುಮ್ಮಸುಮ್ಮನೆ ಅರಚುವ ಹೊಗೆಗಂಟೆ,
ಮತ್ತೆ ಎದೆ. ಎದೆ. ಎದೆ.

ಫೆಬ್ರವರಿಯ ಆ ಗುರುವಾರ ಮೈನಸ್ ಮೂವತ್ತು.
ಮುಚ್ಚಿದ ಗಣಿಗಳ ಕಬ್ಬಿಣದ ಗೋಪುರಗಳ ಮೇಲೆ
ಕೆಂಪು ಬಲ್ಬುಗಳೂ ನಡುಗುತ್ತಿದ್ದವು.
ಟೆಸ್ ಹಾರ್ಕಿನ್ ಚಿಲ್ಲಿ ಕುದಿಸಿ ಉಪ್ಪು ನೋಡುವಷ್ಟರಲ್ಲಿ ಕರೆ.
ಕೈಗೆ ಬಂದ ತುತ್ತು ಬಾಯಿಗೆ ಬಾರದಿರುವುದಕ್ಕೇ
ನಮಗೆ ಸಂಬಳ.

ಬೌಲಿಂಗ್ ಹಾಲಿನ ಏಳನೇ ಲೇನು.
ಎಣ್ಣೆ ಹಚ್ಚಿದ ಮರದ ಮೇಲೆ ಅಂಗಾತ ಒಬ್ಬ, ಅರವತ್ತೆಂಟು,
ಮುಖ ಬೂದಿ.
ಆಚೆ ತುದಿಯಲ್ಲಿ ಯಂತ್ರ, ಅದಕ್ಕೇನು ಗೊತ್ತು,
ಹತ್ತು ಪಿನ್ನು ನೆಟ್ಟಗೆ ನಿಲ್ಲಿಸಿ
ಅವನ ಮುಂದಿನ ಎಸೆತಕ್ಕೆ ಕಾಯುತ್ತಿತ್ತು.

ಕತ್ತರಿ ಹಾಕಿದವನು ನಾನು:
ಅಂಚಿನಿಂದ ಕೊರಳಪಟ್ಟಿಯವರೆಗೆ ಒಂದೇ ಎಳೆತ.
ಅಂಗಿಯ ಬಣ್ಣ ನೋಡಿದೆನೇ? ಇಲ್ಲ.
ನೋಡಿದ್ದು ಎದೆಮೂಳೆ, ಅಂಗೈ ಊರುವ ಜಾಗ.

ಒಂದು ಎರಡು ಮೂರು
ಒಂಬತ್ತಕ್ಕೆ ಪಕ್ಕೆಲುಬು ಲಟಕ್ಕೆಂದಿತು.
ಹಾಗಾಗುತ್ತದೆ, ನಿಲ್ಲಿಸಬೇಡ, ಎಂದು ಪಾಠದಲ್ಲಿ ಹೇಳಿರುತ್ತಾರೆ;
ಅಂಗೈ ಆ ಪಾಠ ಕೇಳಿರುವುದಿಲ್ಲ.
ಮೂವತ್ತು. ಟೆಸ್ ಚೀಲ ಹಿಂಡಿ ಎರಡು ಉಸಿರು ಕೊಟ್ಟಳು.
ಮತ್ತೆ ಒಂದು.
ದೂರ ಸರಿಯಿರಿ, ಎಂದಿತು ಪೆಟ್ಟಿಗೆಯೊಳಗಿನ ಹೆಣ್ಣುದನಿ,
ಹವಾಮಾನ ಓದುವವಳ ಹಾಗೆ, ತಣ್ಣಗೆ.
ಮೈ ಒಮ್ಮೆ ಬೆಚ್ಚಿತು.

ಆಮೇಲೆ ಕುತ್ತಿಗೆಯ ಪಕ್ಕ, ನನ್ನೆರಡು ಬೆರಳ ಕೆಳಗೆ,
ಬಾಗಿಲಾಚೆ ಯಾರೋ ಬಂದಿರಬಹುದೇ ಎನ್ನುವಷ್ಟು ಸಣ್ಣಗೆ
ತಟ್ಟಿತು.

ಹೋದ ಜೀವ ಬಂದಂತಾಯಿತು, ಅನ್ನುತ್ತಾರೆ ಜನ
ಕಳೆದ ಬೀಗದಕೈ ಸಿಕ್ಕಾಗ.

ಆಸ್ಪತ್ರೆಯ ಬಾಗಿಲಿಗೆ ನಮ್ಮ ಕತೆ ಮುಗಿಯುತ್ತದೆ.
ಅಲ್ಲಿಂದಾಚೆ ಯಾರು ಉಳಿದರು, ಯಾರು ಇಲ್ಲ,
ಕೇಳಬಾರದೆಂದು ಕಲಿತಿದ್ದೇನೆ.
ಅಂಬುಲೆನ್ಸು ತೊಳೆದೆವು. ನೀರು ಬಿದ್ದಲ್ಲೇ ಗಾಜಾಯಿತು.
ಚಿಲ್ಲಿ ತಳ ಹಿಡಿದಿತ್ತು. ತಿಂದೆವು.

ಏಪ್ರಿಲ್‌ನಲ್ಲಿ ಠಾಣೆಯ ಬಾಗಿಲಲ್ಲಿ ಒಬ್ಬ.
ಕೈಯಲ್ಲಿ ಕೇಕಿಲ್ಲ, ಕಾರ್ಡಿಲ್ಲ.
"ಯೂಜೀನ್ ಲುಬಿಕ್," ಎಂದ.
"ನನ್ನ ಅಂಗಿ ಕತ್ತರಿಸಿದ್ದು ಯಾರು?"

ನಾನು, ಎಂದೆ.

"ಎಂಬತ್ತೇಳರ ಲೀಗಿನದು ಅದು.
ಬೆನ್ನಿಗೆ ಆರು ಜನರ ಹೆಸರು ಹೊಲಿದಿದೆ.
ಐವರು ಈಗಿಲ್ಲ.
ಗುಂಡಿಗಳಿದ್ದವಲ್ಲ ಮಾರಾಯ,
ಬಿಚ್ಚಲು ಬರುತ್ತಿರಲಿಲ್ಲವೇ?"

ಕ್ಯಾಪ್ಟನ್ ಸ್ಟಿಪಿಚ್ ಕಾಫಿಯೊಳಗೆ ಕೆಮ್ಮಿದ.
ಒಂದೊಂದು ಗುಂಡಿಗೆ ಮಿದುಳು ಎಷ್ಟು ಸಾಯುತ್ತದೆ,
ಆ ಲೆಕ್ಕ ನನಗೆ ಬಾಯಿಪಾಠ;
ಬಾಯಿಗೆ ಬರಲಿಲ್ಲ.
ಕ್ಷಮಿಸಿ, ಎಂದೆ.

ಅವನು ಕೋಟು ಬಿಚ್ಚಿದ.
ಒಳಗೆ ಹಸಿರು. ಗುಂಡಿಗಳ ಪಕ್ಕದಲ್ಲೇ ಕೆಳಗಿಂದ ಮೇಲಕ್ಕೆ
ಹೆಂಡತಿ ವರ್ನಾ ಹಾಕಿದ ಕಪ್ಪು ದಾರದ ಹೊಲಿಗೆ,
ನನ್ನ ಕತ್ತರಿ ಹೋದ ದಾರಿಯಲ್ಲೇ,
ಅದು ಸೊಟ್ಟಗಾದಲ್ಲಿ ತಾನೂ ಸೊಟ್ಟಗಾಗಿ.

"ಸೀನಿದರೆ ಇನ್ನೂ ನೋಯುತ್ತದೆ," ಪಕ್ಕೆ ಮುಟ್ಟಿಕೊಂಡ.
"ಅದೂ ನೀನೇ ತಾನೇ?"
ಅದೂ ನಾನೇ.
ಕಾಫಿ ಕುಡಿದ. ಸಕ್ಕರೆ ಸಾಲದು ಎಂದ. ಹೋದ.

ಕತ್ತರಿಸಿದ ಅಂಗಿಗಳ ಲೆಕ್ಕ ಇಟ್ಟಿಲ್ಲ ನಾನು.
ರಾತ್ರಿಯುಡುಗೆ, ಹೋಟೆಲಿನವರ ಏಪ್ರನ್ನು,
ಒಮ್ಮೆ ಬೆಲೆಚೀಟಿಯನ್ನೂ ತೆಗೆದಿರದ ಸ್ವೆಟರು,
ಡೈನೋಸಾರ್ ಚಿತ್ರದ ಒಂದು ಪುಟ್ಟ ಬನಿಯನ್ನು.
ಅದರ ಬಣ್ಣ ನೋಡಿದೆ.

ಅವನ್ನು ಕೇಳಿಕೊಂಡು ಯಾರೂ ಬಂದಿಲ್ಲ.
ಯಾರಾದರೂ ಬಂದು ಬೈಯಬಾರದೇ ಅನಿಸುತ್ತದೆ
ಒಂದೊಂದು ಬೆಳಗು, ಠಾಣೆಯ ದೊಡ್ಡ ಬಾಗಿಲೆತ್ತಿ
ಲಾರಿಯ ಕನ್ನಡಿ ಒರೆಸುವಾಗ.