ಕಲಾಯಿಗಾರ, ದಾಳಿ ಸೊನ್ನೆ

ಹಡರ್ಸ್‌ಫೀಲ್ಡಿನ ಏರುಬೀದಿಯಲ್ಲಿ
ಬಟ್ಟೆ ಒಗೆವ ಅಂಗಡಿ, ಅದರ ಮೇಲೊಂದು ಕೋಣೆ.
ಗುರುವಾರ ಗುರುವಾರ ಏಳೂವರೆಗೆ
ಅಲ್ಲಿ ನಾವು ಐದು ಜನ ಬೇರೆಯವರಾಗುತ್ತೇವೆ.
ಕೆಳಗೆ ಒಣಗಿಸುವ ಯಂತ್ರ ತಿರುಗಿದರೆ
ಮೇಲೆ ಮೇಜು ನಡುಗುತ್ತದೆ,
ಬಿದ್ದ ದಾಳ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ.
ಹಾಗೆ ಹೊರಳಿದ್ದೂ ಲೆಕ್ಕಕ್ಕೆ ಉಂಟು.
ಇದು ಗ್ಲೆನಿಸ್ ಮಾಡಿದ ಕಾನೂನು.

ನಲ್ಲಿ ರಿಪೇರಿಯ ಡೆರಿಕ್ ಇಲ್ಲಿ ಗಂಡುಗೊಡಲಿಯ ವೀರ.
ಕಾರುಗಳಿಗೆ ದಂಡದ ಚೀಟಿ ಅಂಟಿಸುವ ಶಾನಿಸ್
ಬಿಲ್ಲು ಹಿಡಿದ ಕಾಡಿನ ಕನ್ನೆ.
ಹದಿನೇಳರ ಟೋಬಿಯಸ್, ಮೀಸೆ ಇನ್ನೂ ಬರಬೇಕು,
ಮುನ್ನೂರು ವರ್ಷದ ಮಾಂತ್ರಿಕ.
"ನೀನು ಯಾರಾಗ್ತೀಯ?" ಕೇಳಿದ್ದಳು ಗ್ಲೆನಿಸ್ ಮೊದಲ ದಿನ
ದಪ್ಪ ಪುಸ್ತಕ ನನ್ನ ಕಡೆ ತಳ್ಳಿ.
ಹಾಳೆ ತಿರುವಿದೆ. ಕೊಲ್ಲುವವರು,
ಹಾಡುತ್ತಾ ಕೊಲ್ಲುವವರು, ಪ್ರಾರ್ಥಿಸಿ ಕೊಲ್ಲುವವರು,
ಕತ್ತಲಲ್ಲಿ, ಬೆನ್ನ ಹಿಂದಿನಿಂದ.
ಪುಸ್ತಕ ಮುಚ್ಚಿ ಅಂದೆ: ಕಲಾಯಿಗಾರ.

ಹಾಗಂದರೆ?
ತಾಮ್ರದ ಪಾತ್ರೆಯ ಒಳಮೈಗೆ ತವರ ಬಳಿಯುವವನು.
ಟೋಬಿಯಸ್ ನಕ್ಕ. ಗ್ಲೆನಿಸ್ ನಗಲಿಲ್ಲ,
ಪೆನ್ಸಿಲ್ ನೆಕ್ಕಿ ಬರೆದಳು, ದಾಳಿ: ಸೊನ್ನೆ.
ರಕ್ಷಣೆ: ತೊಗಲಿನ ತಿದಿ, ಬೆನ್ನಿಗೆ ಕಟ್ಟಿದ್ದರೆ.
ಸಾಮಾನು: ಇಕ್ಕಳ, ಅರಳೆ, ನವಸಾಗರದ ಪೊಟ್ಟಣ,
ತವರದ ಕಡ್ಡಿ ನಾಲ್ಕು.
ಹೆಸರು? ದಾವಲ್ ಅಂದೆ.
ಯಾರ ಹೆಸರೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ,
ಗದಗಿನ ಓಣಿಗೆ ಸ್ಟೀಲು ಬಂದ ವರ್ಷ
ತಿದಿ ಅಟ್ಟಕ್ಕೆ ಹಾಕಿ
ಮಿಲ್ಲಿನ ಗೇಟು ಕಾಯಲು ಹೋದ ದೊಡ್ಡಪ್ಪನದು.

ಎಂಟು ಗುರುವಾರ ಮೂಟೆ ಹೊತ್ತೆ.
ಅವರು ಕಾದಾಡುವಾಗ ಕುದುರೆ ಹಿಡಿದು ನಿಂತೆ.
ಕೊಳ್ಳೆ ಹಂಚುವಾಗ
"ದಾವಲ್‌ಗೆ ಆ ಬಾಣಲೆ ಕೊಡಿ" ಅನ್ನುವರು.
ಬಾಣಲೆ ಒಳ್ಳೆಯದೇ ಇತ್ತು.

ಒಂಬತ್ತನೆಯ ಗುರುವಾರ, ಗುಹೆ.
ಡೆರಿಕ್‌ನ ಪ್ರಾಣದ ಅಂಕಿ ಒಂದಕ್ಕಿಳಿದಿತ್ತು,
ಶಾನಿಸ್‌ಳ ಬತ್ತಳಿಕೆ ಬರಿದು, ಮಾಂತ್ರಿಕನ ಮಂತ್ರ ತೀರಿತ್ತು.
ಎದುರಿಗೆ ನಲವತ್ತು ಕುಳ್ಳರಕ್ಕಸರು.
"ಅವರೂ ಹೊಟ್ಟೆ ಹಿಡಿದುಕೊಂಡಿದ್ದಾರೆ," ಎಂದಳು ಗ್ಲೆನಿಸ್,
"ಕೂಸುಗಳು ವಾಂತಿ ಮಾಡುತ್ತಿವೆ. ನಡುವೆ ಒಂದು ಹಂಡೆ."
ಸುಮ್ಮನೆ ಹೇಳಿದ್ದು, ಗುಹೆಗೊಂದು ನಾತ ಇರಲೆಂದು.
ನಾನು ಕೇಳಿದೆ: ಹಂಡೆ ಯಾತರದು?
ಪುಸ್ತಕದಲ್ಲಿ ಅದು ಇರಲಿಲ್ಲ. ಆಕೆ
ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ತಿರುವಿದವಳು.
ಕನ್ನಡಕದ ಮೇಲಿಂದ ನೋಡಿ, ತಡೆದು, "ತಾಮ್ರದ್ದು" ಅಂದಳು.
ಒಳಗೆ ಹಸಿರು?
"ಹಸಿರು."
ಕಿಲುಬು, ಅಂದೆ, ಕನ್ನಡದಲ್ಲೇ.
ಬೇರೆ ಪದ ಬಾಯಿಗೆ ಬರಲಿಲ್ಲ.

ಹೇಗೆ ಮಾಡ್ತೀಯ, ಹೇಳು.
ಹೇಳಿದೆ. ನೆಲ ಕೆದಕಿ ಒಲೆ, ತಿದಿಯ ಮೂತಿ ಮಣ್ಣಲ್ಲಿ.
ಹುಳಿ, ಮರಳು ಹಾಕಿ ಹಂಡೆಯೊಳಗೇ ನಿಂತು
ಹಿಮ್ಮಡಿಯ ಮೇಲೆ ಬುಗುರಿಯಂತೆ ತಿರುಗಿ ಉಜ್ಜುವುದು.
ಕಾದ ತಾಮ್ರಕ್ಕೆ ನವಸಾಗರ ಬಿದ್ದರೆ
ಏಳುವ ಬಿಳಿ ಹೊಗೆ, ಕಣ್ಣುರಿ,
ಆಮೇಲೆ ತವರ, ಅರಳೆಯ ಉಂಡೆಯಲ್ಲಿ ಒಂದೇ ಸುತ್ತು,
ತಡ ಮಾಡಿದರೆ ಹೋಯಿತು.
"ಫ್ಲಕ್ಸ್!" ಎಂದ ಡೆರಿಕ್, ಸಾಯುತ್ತ ಮಲಗಿದ್ದವನು ಎದ್ದು ಕೂತು,
"ನಾವೂ ಪೈಪಿಗೆ ಅಂಥದ್ದೇ ಹಚ್ಚೋದು!"
ಕೊಡಲಿ ಕೆಳಗಿಟ್ಟು ತಿದಿ ಒತ್ತಲು ಬಂದ.
ಶಾನಿಸ್ ಮರಳಿಗೆ ಹೋದಳು.
"ನಾನೇನು ಮಾಡಲಿ?" ಟೋಬಿಯಸ್‌ನ ದನಿ
ಮುನ್ನೂರರಿಂದ ಹದಿನೇಳಕ್ಕಿಳಿದಿತ್ತು.
ಕೂಸುಗಳಿಗೆ ನೀರು ಕಾಯಿಸು.

ದಾಳ ಹಾಕು, ಎಂದಳು.
ಹಾಕಿದೆ. ಇಪ್ಪತ್ತು ಮುಖದಲ್ಲಿ ನಾಲ್ಕು.
ಕೆಳಗೆ ಯಾರೋ ನಾಣ್ಯ ತೂರಿಸಿರಬೇಕು,
ಯಂತ್ರ ಗುಡುಗುಡು ಅಂತು, ಮೇಜು ನಡುಗಿತು,
ದಾಳ ಓಲಾಡಿ ಅಂಚಿನ ಮೇಲೆ ನಿಂತು ಯೋಚಿಸಿತು.
ಗ್ಲೆನಿಸ್ ಅಂಗೈಯಿಂದ ಮುಚ್ಚಿ
ಎತ್ತಿ ಸ್ವೆಟರಿನ ಜೇಬಿಗೆ ಹಾಕಿಕೊಂಡಳು.
"ಹಂಡೆ ಹೊಳೆಯುತ್ತಿದೆ," ಎಂದಳು,
"ಮುದಿ ರಕ್ಕಸಿ ಬಗ್ಗಿ ನೋಡಿ ಹೌಹಾರಿದಳು,
ತನ್ನ ಮುಖ ಕಂಡು ಎಷ್ಟೋ ವರ್ಷವಾಗಿತ್ತು.
ಕೂಲಿ ಎಷ್ಟು ಅಂತ ಕೇಳುತ್ತಿದ್ದಾಳೆ."

"ದಾರಿ! ದಾರಿ ಕೇಳು!"
ಮೇಜಿನ ಕೆಳಗೆ ಡೆರಿಕ್‌ನ ಬೂಟು ನನ್ನ ಕಾಲಿಗೆ.
ನಾನು ತಿದಿಯ ಬೂದಿ ಕೊಡವುತ್ತಾ ಕೇಳಿದೆ:
ಒಳಗೆ ಇನ್ನೂ ಪಾತ್ರೆ ಇವೆಯೇನಮ್ಮಾ?