ಏಳು ಬೆರಳು

ಕಣ್ಣಳತೆ ಸಾಕು ಅಂದಿದ್ದ ಜೆರ್ವೆ, ಹೋದ ವರ್ಷ.
ಅವನ ಕಣ್ಣಿಗೆ ನಮ್ಮ ಹಿತ್ತಲು ಲಟ್ಟಿಸುವ ಮಣೆಯಷ್ಟು ಮಟ್ಟಸ.
ಜುಲೈ ಹನ್ನೊಂದರ ರಾತ್ರಿ
ಕೊಳದ ತಗಡುಗೋಡೆ ಒಂದೇ ಮಗ್ಗುಲಿಗೆ ಉಬ್ಬಿ,
ಉಬ್ಬಿ, ಬಿರಿದು,
ಇಪ್ಪತ್ತೆಂಟು ಸಾವಿರ ಲೀಟರ್ ನೀರು
ಬೇಲಿಯನ್ನು ಕೇಳದೆ
ಕ್ಲೋವಿಸನ ಹುಲ್ಲುಹಾಸನ್ನು ಚಾಪೆಯಂತೆ ಸುತ್ತಿಕೊಂಡು
ಅವನ ನೆಲಮಾಳಿಗೆಗೆ ಇಳಿಯಿತು.
ಅಲ್ಲಿದ್ದದ್ದು: ಮೂರು ಚೀಲ ಆಲೂಗಡ್ಡೆ,
ಮೇಪಲ್ ಪಾಕದ ಡಬ್ಬಿಗಳು,
ತೀರಿಹೋದ ಅತ್ತಿಗೆಯ ಅಕಾರ್ಡಿಯನ್.
ಆಲೂಗಡ್ಡೆ ಮುಳುಗಿತು. ಅಕಾರ್ಡಿಯನ್ ತೇಲಿತು,
ಒಮ್ಮೆ ಕುಂಯ್ ಅಂದಿತಂತೆ.

ಹತ್ತು ತಿಂಗಳು ಕ್ಲೋವಿಸ್ ಮಾತು ಬಿಟ್ಟ.
ಈ ಕ್ವಿಬೆಕ್‌ನ ಹೊಳೆದಂಡೆಯಲ್ಲಿ
ಐದು ತಿಂಗಳು ಎಲ್ಲರ ಬಾಯನ್ನೂ ಹಿಮವೇ ಮುಚ್ಚುವುದರಿಂದ
ಅರ್ಧ ಮೌನ ಲೆಕ್ಕಕ್ಕೆ ಬರಲಿಲ್ಲ.
ಉಳಿದರ್ಧ ಬಂತು.

ಮೇ. ನೆಲ ಕೊನೆಗೂ ಗುದ್ದಲಿಯನ್ನು ಒಳಗೆ ಬಿಟ್ಟುಕೊಂಡಿತು.
ಈ ಸಲ ನಾನೇ ನಿಂತೆ.
ನಡುವೆ ಗೂಟ, ಗೂಟಕ್ಕೆ ಹಗ್ಗ, ಹಗ್ಗದ ತುದಿಗೆ ಸುಣ್ಣ;
ಗಾಣದೆತ್ತಿನಂತೆ ಒಂದು ಸುತ್ತು ಬಂದರೆ
ಹಸಿರಿನ ಮೇಲೆ ಬಿಳಿಯ ಬಳೆ.
ಹುಲ್ಲನ್ನು ಬೇರುಸಮೇತ ಹೆರೆದು, ಸುರುಳಿ ಮಾಡಿ,
ನೀರು ಚಿಮುಕಿಸಿ ನೆರಳಿಗಿಟ್ಟೆ,
ಯಾತಕ್ಕೋ ಆಗ ಗೊತ್ತಿರಲಿಲ್ಲ.

ಉದ್ದ ಹಲಗೆಯ ಒಂದು ತುದಿ ಗೂಟದ ಮೇಲೆ,
ಬೆನ್ನ ಮೇಲೆ ರಸಮಟ್ಟ.
ಎತ್ತ ತಿರುಗಿಸಿದರೂ ಒಳಗಿನ ಗುಳ್ಳೆ
ನಮ್ಮ ಮನೆಯ ಕಡೆಗೇ ಓಡುತ್ತದೆ, ಹೆದರಿದ ಕರುವಿನಂತೆ.
ಆ ಅಂಚಿನಿಂದ ಈ ಅಂಚಿಗೆ
ಏಳು ಬೆರಳಿನ ಓರೆ.

ಇಪ್ಪತ್ತೆರಡು ವರ್ಷ ಇಲ್ಲಿ ಬಟ್ಟೆ ಒಣಹಾಕಿದ್ದೇನೆ.
ಮಕ್ಕಳ ಚೆಂಡು ಕಳೆದಾಗಲೆಲ್ಲ
ನೇರ ಕ್ಲೋವಿಸನ ಬೇಲಿಬುಡಕ್ಕೇ ಹೋಗಿ ಹೆಕ್ಕಿ ತಂದಿದ್ದೇನೆ.
ಅಲ್ಲೇ ಏಕೆ ಎಂದು
ಒಂದು ದಿನವೂ ಕೇಳಿಕೊಳ್ಳಲಿಲ್ಲ.

"ತಗ್ಗಿಗೆ ಒಂದು ಲಾರಿ ಮಣ್ಣು ಹೊಡೆಸಿದರಾಯ್ತು," ಜೆರ್ವೆ ಅಂದ.

"ಹೊಡೆಸು. ಹೊಡೆಸಿ ನೋಡು."

ಬೇಲಿಯಾಚೆಯಿಂದ. ಹತ್ತು ತಿಂಗಳ ಮೇಲಿನ ಮೊದಲ ಮಾತು.
ಮೂವತ್ತು ವರ್ಷ ಪುರಸಭೆಯ ಗ್ರೇಡರ್ ಓಡಿಸಿದವನು
ಗೇಟು ದೂಡಿಕೊಂಡು ಬಂದ,
ಹೆಗಲಲ್ಲಿ ಗಾಜಿನಂಥ ಪೈಪು, ಒಳಗೆ ಕೆಂಪು ನೀರು.
"ತುಂಬಿದ ಮಣ್ಣು ಇವತ್ತು ಹೂಂ ಅನ್ನುತ್ತೆ,
ಭಾರ ಕೂತ ದಿನ ಕೈಕೊಡುತ್ತೆ.
ತಗ್ಗನ್ನ ಮುಟ್ಟಬೇಡ. ಎತ್ತರವನ್ನ ಕೆತ್ತು."
ಆಮೇಲೆ, ನನ್ನ ಮುಖ ನೋಡದೆ:
"ನಿಮಗೋಸ್ಕರ ಅಲ್ಲ. ನನ್ನ ನೆಲಮಾಳಿಗೆಗೋಸ್ಕರ."

ಕೆತ್ತಿದೆವು.
ಹಳೇ ಉಯ್ಯಾಲೆ ಕಂಬದ ಸಿಮೆಂಟಿನ ಹಲ್ಲು ಒಂದು,
ಕೀಳುವುದಕ್ಕೆ ಮಧ್ಯಾಹ್ನವೇ ಹೋಯಿತು.
ಬೆರಳುಗಾತ್ರದ ಕಲ್ಲನ್ನೂ ಬಿಡಲಿಲ್ಲ ಕ್ಲೋವಿಸ್:
"ನೀರು ಒತ್ತಿದಾಗ ಇದೇ ಸೂಜಿ."
ಮೊಮ್ಮಗಳು ಮಾಯೆಲ್ ಪೈಪಿನ ಒಂದು ತುದಿ ಹಿಡಿದು
ಕೆಂಪು ನೀರು ಏರಿದರೆ ಏರಿತು, ಇಳಿದರೆ ಇಳಿಯಿತು ಎಂದು ಕೂಗುತ್ತ,
ನಡುನಡುವೆ ಕೇಳುತ್ತ:
"ಈಜೋದಕ್ಕೆ ಇಷ್ಟೊಂದು ಮಣ್ಣಾ, ಅಜ್ಜಿ?"

ಜೆರ್ವೆ ತುಟಿ ಬಿಚ್ಚಲಿಲ್ಲ. ಕೈಗಾಡಿ ತುಂಬಿದ.
ತುಂಬಿದ್ದನ್ನು ಎಲ್ಲಿಗೆ ಅಂತ ನಾನು ಹೇಳಲಿಲ್ಲ,
ಕ್ಲೋವಿಸ್ ಕೇಳಲಿಲ್ಲ.
ಗಾಡಿ ತಾನೇ ಕಿರುಗುಟ್ಟುತ್ತ ಗೇಟು ದಾಟಿ
ಜುಲೈ ಕೊರೆದಿದ್ದ ಆ ಕೊರಕಲಿಗೆ ಕವುಚಿಕೊಂಡಿತು.
ಮೂವತ್ತು ಸಲ.
ಮಾರನೆಯ ದಿನ ಅದರ ಮೇಲೆ
ನೆರಳಿನಲ್ಲಿಟ್ಟಿದ್ದ ಹುಲ್ಲುಸುರುಳಿಗಳನ್ನು ಒಂದೊಂದಾಗಿ ಬಿಚ್ಚಿ
ನಾನೂ ಕ್ಲೋವಿಸನೂ ಅಂಗಾಲಲ್ಲಿ ತುಳಿದೆವು,
ಅವನ ಪಾದ ನನ್ನದಕ್ಕಿಂತ ಮೆತ್ತಗೆ.

ಕಂಬಗಳಿಗೆ ಕಲ್ಲುಹಾಸು, ನಡುವೆ ಜರಡಿ ಹಿಡಿದ ಮರಳು,
ದಿಮ್ಮಿಸುಗೆ, ಮತ್ತೆ ಹಲಗೆ, ಮತ್ತೆ ಗುಳ್ಳೆ.
ಮೊದಲ ಸಲ ಗುಳ್ಳೆ ಗೆರೆಗಳ ನಡುವೆ ನಿಂತು
ಎತ್ತಲೂ ಹೋಗದೆ ಸುಮ್ಮನೆ ನಡುಗಿತು.

ಶನಿವಾರ ಸಂಜೆ ಪೈಪು ಬಿಟ್ಟೆವು.
ನೀಲಿ ತಳದಲ್ಲಿ ಅಂಗೈಯಗಲದ ನೀರು
ಎತ್ತ ಹೋಗಲಿ ಎಂದು ಕ್ಷಣ ತಡೆದು
ಹಿಗ್ಗಿತು, ಹಿಗ್ಗಿತು.
ನಾಲ್ವರೂ ಗೋಡೆಯ ಮೇಲೆ ಗದ್ದವೂರಿ ಬಗ್ಗಿ ನೋಡಿದೆವು.
ಒಂದು ಅಂಚನ್ನು ಅದು ಮೊದಲು ಮುಟ್ಟಿತು,
ಉಳಿದ ಅಂಚುಗಳಿಗಿಂತ ಒಂದೇ ಒಂದು ಉಸಿರು ಮುಂಚೆ.
ಅರ್ಧ ಬೆರಳೂ ಇಲ್ಲ.

ಕ್ಲೋವಿಸ್ ಟೋಪಿ ಹಿಂದೆ ಸರಿಸಿದ.
"ನೋಡು," ಅಂದ, "ಈಗಲೂ ನನ್ನ ಕಡೆಗೇ."